ರೇಡಿಯೇಟರ್‌ಗೆ ಯಾವ ಫ್ಯಾನ್? ಬಳ್ಳಾರಿಯ ಬಿಸಿಲು, ಧೂಳು ಎರಡನ್ನೂ ಲೆಕ್ಕಕ್ಕೆ ತಗೊಂಡು ಆರಿಸೋಣ

ಏಪ್ರಿಲ್, ಮೇ ಬಂತೆಂದರೆ ಬಳ್ಳಾರಿಯ ವಿಡಿಯೋ ಸ್ಟುಡಿಯೋಗಳಲ್ಲಿ ಕಂಪ್ಯೂಟರ್‌ಗೆ ಬಿಡುವೇ ಇರೋದಿಲ್ಲ. ಮದುವೆ ಸೀಸನ್ ಅದೇ, ಕಡು ಬಿಸಿಲೂ ಅದೇ ಹೊತ್ತಿಗೆ. ಹೊರಗೆ 40 ದಾಟಿರುತ್ತದೆ. ಒಳಗೂ ಅದಕ್ಕಿಂತ ಬಹಳ ಕಡಿಮೆಯೇನೂ ಇರೋದಿಲ್ಲ. ಅಂಥ ಕೋಣೆಯಲ್ಲಿ ಮೂರು ಕ್ಯಾಮೆರಾದ ಮದುವೆ ವಿಡಿಯೋ ರೆಂಡರ್‌ಗೆ ಹಾಕಿದರೆ ಪ್ರೊಸೆಸರ್ ಗಂಟೆಗಟ್ಟಲೆ ಪೂರ್ತಿ ದುಡಿಯಬೇಕು. ಆಗ ಕೇಳಿಬರುವ ದೂರು ಒಂದೇ: "ಲಿಕ್ವಿಡ್ ಕೂಲರ್ ಹಾಕಿಸಿದೀನಿ, ಆದರೂ ಬಿಸಿ ಇಳೀತಾ ಇಲ್ಲ."

ಲಿಕ್ವಿಡ್ ಕೂಲರ್ ಅಂದರೆ ಪ್ರೊಸೆಸರ್‌ನ ಶಾಖವನ್ನು ಪಂಪ್ ನೀರಿನ ಮೂಲಕ ರೇಡಿಯೇಟರ್‌ಗೆ ಒಯ್ಯುತ್ತದೆ, ರೇಡಿಯೇಟರ್ ಮೇಲಿನ ಫ್ಯಾನ್ ಅದನ್ನು ಗಾಳಿಗೆ ಬಿಡುತ್ತದೆ. ದೂರು ಬರುವ ಎಷ್ಟೋ ಕಡೆ ಪಂಪ್ ಸರಿ ಇರುತ್ತದೆ, ಪ್ರೊಸೆಸರ್ ಮೇಲೆ ಹಚ್ಚುವ ಪೇಸ್ಟ್ ಸರಿ ಇರುತ್ತದೆ. ತಪ್ಪಿರುವುದು ಫ್ಯಾನ್ ಆಯ್ಕೆಯಲ್ಲಿ. ಕ್ಯಾಬಿನೆಟ್‌ಗೆಂದು ತಂದ ಬಣ್ಣದ ಲೈಟಿನ ಫ್ಯಾನನ್ನೇ ರೇಡಿಯೇಟರ್ ಮೇಲೆ ಕೂರಿಸಿರುತ್ತಾರೆ. ಅಳತೆ ಒಂದೇ, 120 ಮಿಲಿಮೀಟರ್. ಸ್ಕ್ರೂ ತೂತುಗಳೂ ಒಂದೇ. ಹಾಗಾಗಿ ಯಾವುದಾದರೂ ಆಗುತ್ತೆ ಅನ್ನಿಸುವುದು ಸಹಜ. ಆದರೆ ಕ್ಯಾಬಿನೆಟ್ ಫ್ಯಾನ್ ಮಾಡಬೇಕಾದ ಕೆಲಸ ಬೇರೆ, ರೇಡಿಯೇಟರ್ ಫ್ಯಾನ್ ಮಾಡಬೇಕಾದ ಕೆಲಸ ಬೇರೆ.

ಫ್ಯಾನ್ ಡಬ್ಬಿಯ ಮೇಲೆ ಎರಡು ಅಂಕಿ ಇರುತ್ತವೆ. ಒಂದು ಸಿಎಫ್‌ಎಂ. ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಸಾಗಿಸುತ್ತದೆ ಅನ್ನುವುದು. ಇನ್ನೊಂದು ಸ್ಟ್ಯಾಟಿಕ್ ಪ್ರೆಶರ್. ಇದನ್ನು ಮಿಲಿಮೀಟರ್ ನೀರಿನ ಲೆಕ್ಕದಲ್ಲಿ ಬರೆದಿರುತ್ತಾರೆ. 2 ಮಿಲಿಮೀಟರ್ ಅಂದರೆ ಆ ಫ್ಯಾನಿನ ಒತ್ತಡ ಒಂದು ಕೊಳವೆಯಲ್ಲಿರುವ ನೀರನ್ನು 2 ಮಿಲಿಮೀಟರ್ ಮೇಲಕ್ಕೆತ್ತಬಲ್ಲದು ಎಂದರ್ಥ. ಇದು ತೀರಾ ಸಣ್ಣ ಒತ್ತಡ. 1 ಮಿಲಿಮೀಟರ್ ನೀರು ಅಂದರೆ ಸುಮಾರು 9.8 ಪಾಸ್ಕಲ್, ನಮ್ಮ ಸುತ್ತಲಿನ ವಾಯುಭಾರದ ಹತ್ತು ಸಾವಿರದಲ್ಲೊಂದು ಪಾಲು. ರೇಡಿಯೇಟರ್‌ನ ಗಾಳಿಯೆಲ್ಲ ಓಡಬೇಕಾದ್ದು ಇಷ್ಟೇ ಬಲದ ಮೇಲೆ. ಅದಕ್ಕೇ ಅರ್ಧ ಮಿಲಿಮೀಟರ್ ಹೆಚ್ಚು ಕಡಿಮೆಯಾದರೂ ವ್ಯತ್ಯಾಸ ಎದ್ದು ಕಾಣುತ್ತದೆ.

ಈಗ ಮುಖ್ಯವಾದ ಮಾತು. ಸಿಎಫ್‌ಎಂ ಅಂಕಿಯನ್ನು ಫ್ಯಾನಿನ ಮುಂದೆ ಯಾವ ತಡೆಯೂ ಇಲ್ಲದೆ ಅಳೆದಿರುತ್ತಾರೆ. ಪ್ರೆಶರ್ ಅಂಕಿಯನ್ನು ಫ್ಯಾನಿನ ಬಾಯಿ ಪೂರ್ತಿ ಮುಚ್ಚಿ, ಗಾಳಿ ಒಂದಿಷ್ಟೂ ಸಾಗದಂತೆ ಮಾಡಿ ಅಳೆದಿರುತ್ತಾರೆ. ನಿಮ್ಮ ಫ್ಯಾನ್ ಈ ಎರಡೂ ಸ್ಥಿತಿಯಲ್ಲಿ ಯಾವತ್ತೂ ಇರೋದಿಲ್ಲ. ಅದು ದುಡಿಯುವುದು ಇವೆರಡರ ನಡುವೆ ಎಲ್ಲೋ ಒಂದು ಕಡೆ. ಆ ನಡುವಿನ ಜಾಗ ಯಾವುದು ಅಂತ ತೀರ್ಮಾನಿಸುವುದು ಎದುರಿಗಿರುವ ರೇಡಿಯೇಟರ್.

ನಮ್ಮ ಕಡೆ ಮನೆಮನೆಯಲ್ಲೂ ಇರುವ ಏರ್ ಕೂಲರ್ ನೋಡಿ. ಮೂರು ಕಡೆ ಹುಲ್ಲಿನ ಪ್ಯಾಡ್, ನಡುವೆ ಫ್ಯಾನ್. ಆ ಫ್ಯಾನ್ ತೆಗೆದು ಅಲ್ಲಿ ಟೇಬಲ್ ಫ್ಯಾನ್ ಇಟ್ಟರೆ ಗಾಳಿ ಬರುತ್ತಾ? ಬಾರದು. ಟೇಬಲ್ ಫ್ಯಾನ್ ಬಯಲಲ್ಲಿ ಚೆನ್ನಾಗಿ ಬೀಸುತ್ತದೆ, ಒದ್ದೆ ಪ್ಯಾಡಿನ ಮೂಲಕ ಎಳೆಯುವಾಗ ಸೋಲುತ್ತದೆ. ಕೂಲರ್ ಫ್ಯಾನಿನ ರೆಕ್ಕೆ ಅಗಲ, ಸುತ್ತ ಬಿಗಿಯಾದ ತಗಡಿನ ಬಳೆ. ಅಷ್ಟಾದರೂ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಪ್ಯಾಡ್ ಗಟ್ಟಿಯಾದ ಮೇಲೆ ಅದರ ಗಾಳಿಯೂ ಇಳಿಯುತ್ತದೆ. ರೇಡಿಯೇಟರ್‌ನ ಕತೆಯೂ ಇದೇ. ತೆಳು ಅಲ್ಯೂಮಿನಿಯಂ ಅಥವಾ ತಾಮ್ರದ ಫಿನ್‌ಗಳ (ಒತ್ತಾಗಿ ಜೋಡಿಸಿದ ತಗಡುಗಳ) ಸಾಲು ಪ್ಯಾಡಿನ ಜಾಗದಲ್ಲಿದೆ, ಉಪ್ಪಿನ ಜಾಗದಲ್ಲಿ ಧೂಳು.

ಒಂದು ಲೆಕ್ಕ ಮಾಡೋಣ. ತಿಳಿಯಲಿ ಅಂತ ಸರಳ ಮಾಡಿದ ಲೆಕ್ಕ ಇದು. ನಿಜವಾದ ಫ್ಯಾನಿನ ಗ್ರಾಫ್ ನೇರ ಗೆರೆ ಆಗಿರೋದಿಲ್ಲ, ಅಲ್ಲಲ್ಲಿ ಬಾಗಿರುತ್ತದೆ. ಮೊದಲನೆಯ ಫ್ಯಾನ್ 65 ಸಿಎಫ್‌ಎಂ, 1.2 ಮಿಲಿಮೀಟರ್ ಪ್ರೆಶರ್. ಎರಡನೆಯದು 55 ಸಿಎಫ್‌ಎಂ, 2.6 ಮಿಲಿಮೀಟರ್. ಅಂಗಡಿಯಲ್ಲಿ ಸಿಎಫ್‌ಎಂ ಮಾತ್ರ ನೋಡಿದರೆ ಮೊದಲನೆಯದನ್ನೇ ತಗೊಳ್ತೀರಿ ಅಲ್ವಾ? ಈಗ ಎದುರಿಗೆ ರೇಡಿಯೇಟರ್ ಇಡೋಣ. ಪ್ರತಿ ಸಿಎಫ್‌ಎಂ ಗಾಳಿಗೆ ಅದು 0.03 ಮಿಲಿಮೀಟರ್ ಒತ್ತಡ ಕೇಳುತ್ತದೆ ಅಂದುಕೊಳ್ಳಿ. ಫ್ಯಾನ್ ಕೊಡುವ ಒತ್ತಡ, ರೇಡಿಯೇಟರ್ ಕೇಳುವ ಒತ್ತಡ ಎಲ್ಲಿ ಸಮ ಆಗುತ್ತವೋ ಅಲ್ಲಿಗೆ ಗಾಳಿಯ ಪ್ರಮಾಣ ಸ್ಥಿರವಾಗುತ್ತದೆ. ಮೊದಲನೆಯ ಫ್ಯಾನ್ ಅಲ್ಲಿ ಕೊಡುವುದು ಸುಮಾರು 25 ಸಿಎಫ್‌ಎಂ, ಎರಡನೆಯದು ಸುಮಾರು 34. ಬಯಲಲ್ಲಿ 10 ಸಿಎಫ್‌ಎಂ ಮುಂದಿದ್ದ ಫ್ಯಾನ್ ರೇಡಿಯೇಟರ್ ಮೇಲೆ 9 ಸಿಎಫ್‌ಎಂ ಹಿಂದೆ ಬಿತ್ತು.

ಈಗ ಧೂಳು ಸೇರಿಸಿ. ಫಿನ್‌ಗಳ ಸಂದಿ ಅರ್ಧಂಬರ್ಧ ಕಟ್ಟಿಕೊಂಡು ತಡೆ 0.03ರಿಂದ 0.05ಕ್ಕೆ ಏರಿತು ಅನ್ನೋಣ. ಮೊದಲನೆಯದು 17.5ಕ್ಕೆ ಇಳಿಯುತ್ತದೆ, ಎರಡನೆಯದು 26.7ಕ್ಕೆ. ಅಂದರೆ ಒತ್ತಡ ಕಡಿಮೆ ಇದ್ದ ಫ್ಯಾನ್ ತನ್ನ ಗಾಳಿಯಲ್ಲಿ ಶೇ. 30ರಷ್ಟು ಕಳೆದುಕೊಂಡಿತು, ಒತ್ತಡ ಜಾಸ್ತಿ ಇದ್ದದ್ದು ಶೇ. 20ರಷ್ಟು. ಬೆಂಗಳೂರಿನ ಎಸಿ ಕೋಣೆಯಲ್ಲಿ ಕೂತವರಿಗೆ ಈ ವ್ಯತ್ಯಾಸ ಅಷ್ಟು ತಟ್ಟದೇ ಇರಬಹುದು. ನಮಗೆ ತಟ್ಟುತ್ತದೆ.

ಯಾಕೆ ಅಂದರೆ ನಮ್ಮ ಧೂಳು ಸಾಮಾನ್ಯ ಧೂಳಲ್ಲ. ಸಂಡೂರು ಕಡೆ ಅದಿರಿನ ಲಾರಿ ಓಡುವ ರಸ್ತೆ ಬದಿಯ ಅಂಗಡಿಯಲ್ಲಿ ಕೆಂಪು ಪುಡಿ ಫಿನ್ ಫಿನ್ನಿನ ಮೇಲೂ ಕೂರುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ರೈಸ್ ಮಿಲ್ಲಿನ ಹೊಟ್ಟು, ತೌಡು. ತೌಡಿನಲ್ಲಿ ಎಣ್ಣೆಯಂಶ ಇರುವುದರಿಂದ ಅದು ಬರೀ ಕೂರುವುದಿಲ್ಲ, ಅಂಟಿಕೊಳ್ಳುತ್ತದೆ. ರಾಯಚೂರಿನ ಜಿನ್ನಿಂಗ್ ಮಿಲ್ ಪಕ್ಕ ಅರಳೆ, ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳಲ್ಲಿ ನೀಲಿ ನೂಲಿನ ಪುಡಿ. ಇವುಗಳಲ್ಲಿ ತುಂಬ ಕೆಟ್ಟದ್ದು ನೂಲು, ಅರಳೆ. ಅದಿರಿನ ಪುಡಿಯಲ್ಲಿ ಒಂದಷ್ಟಾದರೂ ಫಿನ್ ದಾಟಿ ಆಚೆ ಹೋಗುತ್ತದೆ. ನೂಲು ದಾಟೋದಿಲ್ಲ. ಫಿನ್‌ಗಳ ಬಾಯಿಗೆ ಅಡ್ಡಡ್ಡ ಬಿದ್ದು, ಒಂದರ ಮೇಲೊಂದು ಹೆಣೆದುಕೊಂಡು, ಕಂಬಳಿಯ ಹಾಗೆ ಒಂದು ಪದರ ಕಟ್ಟುತ್ತದೆ. ಫ್ಯಾನ್ ಬಿಚ್ಚಿ ನೋಡಿದರೆ ಆ ಪದರವನ್ನು ಬೆರಳಲ್ಲಿ ಹಿಡಿದು ಹಾಳೆಯಂತೆ ಸುಲಿಯಬಹುದು. ಅದರ ಹಿಂದೆ ಫಿನ್‌ಗಳು ಹೊಸದರಂತೆ ಹೊಳೆಯುತ್ತಿರುತ್ತವೆ. ಅಷ್ಟು ತೆಳು ಪದರ ಸಾಕು, ಗಾಳಿ ನಿಲ್ಲಿಸೋಕೆ.

ಗಾಳಿ ಕಡಿಮೆಯಾದರೆ ಡಿಗ್ರಿ ಎಷ್ಟು ಏರುತ್ತದೆ? ನಮ್ಮ ಬೇಸಿಗೆಯ ಗಾಳಿಗೆ ಒಂದು ಸುಲಭ ಅಂದಾಜಿದೆ. ಒಂದು ಸಿಎಫ್‌ಎಂ ಗಾಳಿ ಒಂದು ಡಿಗ್ರಿ ಬಿಸಿಯಾಗುವಾಗ ಸುಮಾರು ಅರ್ಧ ವ್ಯಾಟ್ ಶಾಖ ಹೊತ್ತೊಯ್ಯುತ್ತದೆ. ಪ್ರೊಸೆಸರ್ 200 ವ್ಯಾಟ್ ಸುಡುತ್ತಿದೆ, 240ರ ರೇಡಿಯೇಟರ್ (120 ಮಿಲಿಮೀಟರ್ ಫ್ಯಾನ್ ಎರಡು ಕೂರುವಷ್ಟು ಉದ್ದದ್ದು), ಎರಡು ಫ್ಯಾನ್ ಅನ್ನೋಣ. ಇಂಟೆಲ್‌ನ ಐ7-13700ಕೆ ಪೂರ್ತಿ ಟರ್ಬೋದಲ್ಲಿ 253 ವ್ಯಾಟ್‌ವರೆಗೆ ಹೋಗುತ್ತದೆ, ಹಾಗಾಗಿ 200 ಏನೂ ಜಾಸ್ತಿ ಅಲ್ಲ. ಮೊದಲನೆಯ ಜಾತಿಯ ಫ್ಯಾನ್ ಎರಡು ಸೇರಿ 50 ಸಿಎಫ್‌ಎಂ. ಗಾಳಿ 8 ಡಿಗ್ರಿ ಬಿಸಿಯಾಗಿ ಹೊರಬರುತ್ತದೆ. ಎರಡನೆಯ ಜಾತಿಯಲ್ಲಾದರೆ 6 ಡಿಗ್ರಿ. ಧೂಳು ಕಟ್ಟಿದ ಮೇಲೆ ಮೊದಲನೆಯದರಲ್ಲಿ 11 ದಾಟುತ್ತದೆ, ಎರಡನೆಯದರಲ್ಲಿ ಏಳೂವರೆ. ಕೋಣೆ 40 ಡಿಗ್ರಿ ಇದ್ದರೆ ಹೊರಬರುವ ಗಾಳಿಯೇ 51. ಒಳಗಿನ ನೀರು ಅದಕ್ಕಿಂತ ಇನ್ನೂ ಕೆಲವು ಡಿಗ್ರಿ ಬಿಸಿ ಇರಲೇಬೇಕು, ಇಲ್ಲದಿದ್ದರೆ ಶಾಖ ಗಾಳಿಗೆ ದಾಟುವುದೇ ಇಲ್ಲ. ಪಂಪ್ ತಯಾರಕರು ಸಾಮಾನ್ಯವಾಗಿ ನೀರು 60 ಡಿಗ್ರಿ ಮೀರಬಾರದು ಅನ್ನುತ್ತಾರೆ. 25 ಡಿಗ್ರಿ ಕೋಣೆಯಲ್ಲಿ ಆ ಗೆರೆ ಎಲ್ಲೋ ದೂರದಲ್ಲಿರುತ್ತದೆ. ಮೇ ತಿಂಗಳ ಬಳ್ಳಾರಿಯಲ್ಲಿ ಅದು ಪಕ್ಕದಲ್ಲೇ ಇದೆ.

ಇದರ ಜೊತೆಗೆ ಬಿಸಿ ಗಾಳಿ ತೆಳು. 20 ಡಿಗ್ರಿಗೂ 40 ಡಿಗ್ರಿಗೂ ಗಾಳಿಯ ಸಾಂದ್ರತೆ ಶೇ. 6ರಷ್ಟು ಇಳಿಯುತ್ತದೆ. ನಮ್ಮ ಜಿಲ್ಲೆಗಳು ಸಮುದ್ರಮಟ್ಟಕ್ಕಿಂತ ನಾನೂರು ಐನೂರು ಮೀಟರ್ ಎತ್ತರದಲ್ಲಿರುವುದರಿಂದ ಇನ್ನೊಂದು ಶೇ. 5ರಷ್ಟು ಹೋಗುತ್ತದೆ. ಫ್ಯಾನ್ ಕೊಡುವ ಒತ್ತಡವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. ಡಬ್ಬಿಯ ಮೇಲಿನ 2.2 ಇಲ್ಲಿ ಸರಿಸುಮಾರು 2 ಅಂತ ಓದಿಕೊಳ್ಳಿ.

ಹಾಗಾದರೆ ಪ್ರೆಶರ್ ಅಂಕಿ ದೊಡ್ಡದಿದ್ದದ್ದನ್ನು ತಗೊಂಡರೆ ಮುಗೀತಾ? ಇಲ್ಲಿ ಇನ್ನೊಂದು ವಿಷಯ ತಿಳಿದಿರಬೇಕು. ಫ್ಯಾನಿನ ವೇಗ ಅರ್ಧ ಮಾಡಿದರೆ ಗಾಳಿ ಅರ್ಧ ಆಗುತ್ತದೆ, ಆದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಕೋರ್ಸೇರ್ ಎಂಎಲ್120 ಪ್ರೊ ಫ್ಯಾನ್ 2400 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ 2400 ಸುತ್ತಿನಲ್ಲಿ, 4.2 ಮಿಲಿಮೀಟರ್ ಕೊಡುತ್ತದೆ. ನೋಡಿದರೆ ಎಲ್ಲರಿಗಿಂತ ಮುಂದಿದೆ ಅನ್ನಿಸುತ್ತದೆ. ಸದ್ದು ತಡೆಯಲಾಗದೆ ಅದನ್ನು 1200ಕ್ಕೆ ಇಳಿಸಿದಿರಿ ಅಂದರೆ ಉಳಿಯುವುದು ಸುಮಾರು 1.05. ಡಬ್ಬಿಯ ಅಂಕಿ ಯಾವ ಆರ್‌ಪಿಎಂನದ್ದು, ನೀವು ದಿನಾ ಓಡಿಸುವುದು ಯಾವ ಆರ್‌ಪಿಎಂನಲ್ಲಿ, ಇವೆರಡನ್ನೂ ಪಕ್ಕಪಕ್ಕ ಇಡದೆ ಬರೀ ಮಿಲಿಮೀಟರ್ ಹೋಲಿಸಿದರೆ ಏನೂ ಗೊತ್ತಾಗೋದಿಲ್ಲ.

ಹಾಗಂತ ಒಂದೇ ಆರ್‌ಪಿಎಂನಲ್ಲಿ ಹೋಲಿಸಿದರೂ ನ್ಯಾಯ ಸಿಗೋದಿಲ್ಲ. ನೋಕ್ಟುವಾ ಎನ್‌ಎಫ್-ಎಫ್12 ಇದೆ: 1500 ಆರ್‌ಪಿಎಂ, 2.61 ಮಿಲಿಮೀಟರ್, ಸುಮಾರು 55 ಸಿಎಫ್‌ಎಂ, ಸದ್ದು 22.4 ಡೆಸಿಬೆಲ್. ಅದೇ ಕಂಪನಿ 2018ರಲ್ಲಿ ತಂದ ಎನ್‌ಎಫ್-ಎ12x25 ಇದೆ: 2000 ಆರ್‌ಪಿಎಂ, 2.34 ಮಿಲಿಮೀಟರ್, ಸುಮಾರು 60 ಸಿಎಫ್‌ಎಂ, ಸದ್ದು 22.6 ಡೆಸಿಬೆಲ್. ಎರಡನ್ನೂ ಒಂದೇ ಆರ್‌ಪಿಎಂಗೆ ತಂದು ಲೆಕ್ಕ ಹಾಕಿದರೆ ಹಳೆಯದೇ ಬಹಳ ಮುಂದೆ. ಆದರೆ ಹೊಸದು 500 ಸುತ್ತು ಜಾಸ್ತಿ ತಿರುಗಿಯೂ ಸದ್ದು ಹೆಚ್ಚು ಕಡಿಮೆ ಅಷ್ಟೇ ಮಾಡುತ್ತದೆ. ಕಿವಿಗೆ ಆರ್‌ಪಿಎಂ ಕೇಳಿಸೋದಿಲ್ಲ, ಸದ್ದು ಕೇಳಿಸುತ್ತದೆ. ಹಾಗಾಗಿ ಸಮ ಸದ್ದಿನಲ್ಲಿ ಯಾವುದು ಜಾಸ್ತಿ ಗಾಳಿಯನ್ನು ರೇಡಿಯೇಟರ್ ದಾಟಿಸುತ್ತದೆ ಅನ್ನುವುದೇ ಸರಿಯಾದ ಪ್ರಶ್ನೆ. ವಿಮರ್ಶೆ ಓದುವಾಗ, ವಿಡಿಯೋ ನೋಡುವಾಗ ರೇಡಿಯೇಟರ್ ಮೇಲೆ ಕೂರಿಸಿ, ಸದ್ದು ಸಮ ಮಾಡಿ ಪರೀಕ್ಷಿಸಿದ್ದಾರಾ ಅಂತ ಹುಡುಕಿ. ಅಂಥ ಒಂದು ಪರೀಕ್ಷೆ ಡಬ್ಬಿಯ ಹತ್ತು ಅಂಕಿಗಿಂತ ಮೇಲು.

ದುಡ್ಡು ಜಾಸ್ತಿ ಹಾಕೋಕೆ ಆಗೋದಿಲ್ಲ ಅನ್ನುವವರಿಗೆ ಆರ್ಕ್ಟಿಕ್ ಪಿ12 ನೋಡಿ ಅನ್ನುತ್ತೇನೆ. 1800 ಆರ್‌ಪಿಎಂ, 2.2 ಮಿಲಿಮೀಟರ್, 56 ಸಿಎಫ್‌ಎಂ. ಒತ್ತಡಕ್ಕೆಂದೇ ಮಾಡಿದ ಫ್ಯಾನ್, ಬೆಲೆಯೂ ಕೈಗೆಟುಕುವಂಥದ್ದು.

ಅಂಗಡಿಯಲ್ಲಿ ಅಂಕಿ ಸಿಗದಿದ್ದರೆ ಕಣ್ಣಲ್ಲೇ ಒಂದಷ್ಟು ಗುರುತು ಹಿಡಿಯಬಹುದು. ಫ್ಯಾನನ್ನು ಟ್ಯೂಬ್‌ಲೈಟಿಗೆ ಎದುರಾಗಿ ನೆಟ್ಟಗೆ ಹಿಡಿಯಿರಿ. ರೆಕ್ಕೆಗಳ ನಡುವೆ ಬೆಳಕು ಅಗಲವಾಗಿ ಬರುತ್ತಿದ್ದರೆ ಅದು ಬಯಲಿನ ಫ್ಯಾನ್. ತಡೆ ಎದುರಾದಾಗ ಗಾಳಿ ಆ ಸಂದಿಯಿಂದಲೇ ಹಿಂದಕ್ಕೆ ಬರುತ್ತದೆ. ಒತ್ತಡದ ಫ್ಯಾನಿನಲ್ಲಿ ರೆಕ್ಕೆಗಳು ಅಗಲ, ಸಂದಿ ಕಿರಿದು. ಆಮೇಲೆ ರೆಕ್ಕೆಯ ತುದಿಗೂ ಚೌಕಟ್ಟಿಗೂ ನಡುವಿನ ಅಂತರ ನೋಡಿ. ಎ12x25ನಲ್ಲಿ ಅದು ಬರೀ ಅರ್ಧ ಮಿಲಿಮೀಟರ್. ಅಷ್ಟು ಹತ್ತಿರ ತಿರುಗುವ ರೆಕ್ಕೆ ವರ್ಷಗಟ್ಟಲೆ ಸುತ್ತಿದರೂ ಹಿಗ್ಗಬಾರದು ಅಂತಲೇ ಅದಕ್ಕೆ ಬೇರೆ ಗಟ್ಟಿ ಪ್ಲಾಸ್ಟಿಕ್ ಬಳಸಿದ್ದಾರೆ. ಸುತ್ತ ಒಳಬದಿಗೆ ಲೈಟಿನ ಬಳೆ ಇರುವ ಫ್ಯಾನ್‌ಗಳಲ್ಲಿ ರೆಕ್ಕೆಗೆ ಸಿಗುವ ಜಾಗವೇ ಕಡಿಮೆ. ಲೈಟ್ ಬೇಕು ಅನ್ನುವುದು ತಪ್ಪಲ್ಲ, ಆದರೆ ಅದನ್ನು ಕ್ಯಾಬಿನೆಟ್‌ನ ಹಿಂದಿನ ಫ್ಯಾನಿಗೆ ಹಾಕಿ. ರೇಡಿಯೇಟರ್‌ಗೆ ಬೇಡ.

ರೇಡಿಯೇಟರ್ ಕಡೆಯೂ ಸ್ವಲ್ಪ ನೋಡಬೇಕು. ಒಂದು ಇಂಚಿಗೆ ಎಷ್ಟು ಫಿನ್ ಅನ್ನುವುದರ ಮೇಲೆ ತಡೆ ನಿಂತಿದೆ. ಇಕೆ ಕಂಪನಿಯ 28 ಮಿಲಿಮೀಟರ್ ದಪ್ಪದ ತೆಳು ರೇಡಿಯೇಟರ್‌ನಲ್ಲಿ ಇಂಚಿಗೆ 22 ಫಿನ್, 60 ಮಿಲಿಮೀಟರ್‌ನ ದಪ್ಪದ್ದರಲ್ಲಿ 16. ದಪ್ಪ ಹೆಚ್ಚಿದಾಗ ಗಾಳಿ ಸಾಗಬೇಕಾದ ದಾರಿ ಉದ್ದವಾಗುತ್ತದೆ, ಅದಕ್ಕೇ ಸಂದಿ ಅಗಲ ಮಾಡುತ್ತಾರೆ. ನಮ್ಮ ಧೂಳಿಗೆ ಇಂಚಿಗೆ ಫಿನ್ ಕಡಿಮೆ ಇದ್ದಷ್ಟೂ ಒಳ್ಳೆಯದು, ಸಂದಿ ಬೇಗ ಕಟ್ಟೋದಿಲ್ಲ, ತೊಳೆಯುವುದೂ ಸುಲಭ.

ಇದಕ್ಕಿಂತ ಮುಖ್ಯ ರೇಡಿಯೇಟರ್‌ನ ಮುಖದ ವಿಸ್ತಾರ. 240ರದ್ದು 288 ಚದರ ಸೆಂಟಿಮೀಟರ್, 280ರದ್ದು (140 ಮಿಲಿಮೀಟರ್ ಫ್ಯಾನ್ ಎರಡು) 392, 360ರದ್ದು (120ರದ್ದು ಮೂರು) 432. ಮುಖ ದೊಡ್ಡದಾದಷ್ಟೂ ಗಾಳಿ ನಿಧಾನವಾಗಿ ಸಾಗಿದರೂ ಸಾಕಾಗುತ್ತದೆ. ನಿಧಾನ ಗಾಳಿಗೆ ಒತ್ತಡವೂ ಕಡಿಮೆ ಸಾಕು. ಕೈಯಲ್ಲಿ ಒಂದಿಷ್ಟು ದುಡ್ಡು ಇದೆ, 240ಕ್ಕೆ ದುಬಾರಿ ಫ್ಯಾನ್ ಹಾಕಲೋ, 280 ಅಥವಾ 360 ತಗೊಂಡು ಸಾಧಾರಣ ಒತ್ತಡದ ಫ್ಯಾನ್ ಹಾಕಲೋ ಅಂತ ಕೇಳಿದರೆ ನನ್ನ ಉತ್ತರ ಯಾವಾಗಲೂ ಎರಡನೆಯದೇ. ಕ್ಯಾಬಿನೆಟ್‌ನಲ್ಲಿ ಜಾಗ ಇರಬೇಕು ಅಷ್ಟೆ. ರೇಡಿಯೇಟರ್‌ನ ಎರಡೂ ಬದಿ ಫ್ಯಾನ್ ಹಾಕುವುದು ದಪ್ಪ ರೇಡಿಯೇಟರ್‌ಗೆ ಮಾತ್ರ ತಕ್ಕ ಫಲ ಕೊಡುತ್ತದೆ. ಒಂದರ ಹಿಂದೆ ಒಂದು ಫ್ಯಾನ್ ನಿಂತಾಗ ಕೂಡುವುದು ಒತ್ತಡ, ಗಾಳಿ ಎರಡು ಪಟ್ಟಾಗೋದಿಲ್ಲ.

ಎಷ್ಟೇ ಒಳ್ಳೆಯ ಫ್ಯಾನ್ ತಂದರೂ ಅಂಚಿನಲ್ಲಿ ಸೋರಿದರೆ ಒತ್ತಡ ನಿಲ್ಲೋದಿಲ್ಲ. ಇದನ್ನು ಊದುಬತ್ತಿಯಿಂದ ನೋಡಬಹುದು. ಕಂಪ್ಯೂಟರ್ ಆನ್ ಮಾಡಿ, ಫ್ಯಾನನ್ನು ಪೂರ್ತಿ ವೇಗಕ್ಕೆ ಬಿಟ್ಟು, ಹಚ್ಚಿದ ಊದುಬತ್ತಿಯನ್ನು ಫ್ಯಾನ್ ಮತ್ತು ರೇಡಿಯೇಟರ್ ಕೂಡುವ ಸಂದಿಯ ಹತ್ತಿರ ನಿಧಾನಕ್ಕೆ ಸುತ್ತ ತನ್ನಿ. ಬೂದಿ ಒಳಗೆ ಬೀಳದಂತೆ ನೋಡಿಕೊಳ್ಳಿ. ಹೊಗೆ ಒಂದು ಮೂಲೆಯಲ್ಲಿ ಪಕ್ಕಕ್ಕೆ ಚಿಮ್ಮಿದರೆ ಗಾಳಿ ಅಲ್ಲಿಂದ ಹೊರಗೆ ಓಡುತ್ತಿದೆ. ಹೊಗೆಯನ್ನು ಒಳಗೆ ಎಳೆದುಕೊಂಡರೆ ಅಲ್ಲಿ ಫಿನ್ ದಾಟದ ಗಾಳಿ ಸೇರುತ್ತಿದೆ. ಎರಡೂ ನಷ್ಟವೇ. ಕಿಟಕಿಗೆ ಅಂಟಿಸುವ ತೆಳು ಫೋಮ್ ಟೇಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಫ್ಯಾನಿನ ಚೌಕಟ್ಟಿನ ಸುತ್ತ ಅಂಟಿಸಿ ಸ್ಕ್ರೂ ಬಿಗಿದರೆ ಸೋರಿಕೆ ನಿಲ್ಲುತ್ತದೆ. ಕೆಲವು ಫ್ಯಾನ್‌ಗಳ ಜೊತೆ ರಬ್ಬರ್ ಗ್ಯಾಸ್ಕೆಟ್ ಬಂದೇ ಬರುತ್ತದೆ, ಅದನ್ನು ಡಬ್ಬಿಯಲ್ಲೇ ಬಿಡಬೇಡಿ.

ಫ್ಯಾನ್ ರೇಡಿಯೇಟರ್‌ನ ಯಾವ ಬದಿಗೆ ಇರಬೇಕು? ತಳ್ಳುವ ಹಾಗೆ ಹಾಕಿದರೂ ಎಳೆಯುವ ಹಾಗೆ ಹಾಕಿದರೂ ತಂಪಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಆದರೆ ನಮ್ಮ ಊರಿಗೆ ಎಳೆಯುವುದೇ ಸರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಕಾರಣ ಧೂಳು. ತಳ್ಳುವ ಫ್ಯಾನ್ ಇದ್ದಾಗ ಧೂಳಿನ ಪದರ ಕಟ್ಟುವುದು ಫ್ಯಾನಿಗೂ ಫಿನ್ನಿಗೂ ನಡುವೆ. ಕಣ್ಣಿಗೆ ಕಾಣೋದಿಲ್ಲ, ಎಂಟು ಹನ್ನೆರಡು ಸ್ಕ್ರೂ ಬಿಚ್ಚದೆ ಕೈಗೂ ಸಿಗೋದಿಲ್ಲ. ರೇಡಿಯೇಟರನ್ನು ಕ್ಯಾಬಿನೆಟ್‌ನ ಮುಂಬದಿಗೆ, ಫ್ಯಾನನ್ನು ಅದರ ಹಿಂದೆ ಒಳಗಡೆ ಹಾಕಿದರೆ ಧೂಳು ಫಿನ್‌ಗಳ ಹೊರಮುಖದ ಮೇಲೆ ಕೂರುತ್ತದೆ. ಮುಂದಿನ ಮುಚ್ಚಳ ತೆಗೆದರೆ ಕಣ್ಣೆದುರೇ ಇರುತ್ತದೆ, ಬ್ರಷ್‌ನಲ್ಲಿ ಎರಡು ನಿಮಿಷದ ಕೆಲಸ. ಪಂಪ್ ಮಾತ್ರ ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ ಇರಬಾರದು, ಒಳಗಿನ ಗಾಳಿಗುಳ್ಳೆ ಅಲ್ಲಿ ಬಂದು ಸೇರುತ್ತದೆ. ಮುಂದಿನ ಜಾಲರಿ ಫಿಲ್ಟರ್ ಕೂಡ ಒಂದು ತಡೆಯೇ. ಅದನ್ನು ಇಟ್ಟುಕೊಳ್ಳಿ, ಆದರೆ ಅದಿರಿನ ರಸ್ತೆಯ ಪಕ್ಕ ಇದ್ದರೆ ವಾರಕ್ಕೊಮ್ಮೆ ತೊಳೆದು ಒಣಗಿಸಿ ಹಾಕಿ.

ಕೋಣೆಯಲ್ಲಿ ಏರ್ ಕೂಲರ್ ಓಡಿಸುವುದು ಕಂಪ್ಯೂಟರ್‌ಗೂ ಒಳ್ಳೆಯದೇ. ಕೋಣೆ ಐದು ಡಿಗ್ರಿ ಇಳಿದರೆ ನೀರೂ ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ, ಯಾವ ದುಬಾರಿ ಫ್ಯಾನೂ ಅಷ್ಟು ಕೊಡೋದಿಲ್ಲ. ತೇವದಿಂದ ರೇಡಿಯೇಟರ್ ಮೇಲೆ ನೀರು ಕಟ್ಟುತ್ತದೆ ಅಂತ ಕೆಲವರು ಹೆದರುತ್ತಾರೆ. ರೇಡಿಯೇಟರ್ ಯಾವಾಗಲೂ ಕೋಣೆಗಿಂತ ಬೆಚ್ಚಗೇ ಇರುವುದರಿಂದ ಅದರ ಮೇಲೆ ಇಬ್ಬನಿ ಕಟ್ಟೋದಿಲ್ಲ. ಕೂಲರ್‌ನ ಬಾಯಿಯನ್ನು ನೇರ ಕ್ಯಾಬಿನೆಟ್‌ಗೆ ತಿರುಗಿಸಬೇಡಿ, ಹನಿ ಹಾರಿ ಬರುತ್ತದೆ, ತೇವಕ್ಕೆ ಧೂಳೂ ಬೇಗ ಅಂಟುತ್ತದೆ.

ಧೂಳು ತೆಗೆಯುವಾಗ ಗಾಳಿ ಸಾಮಾನ್ಯವಾಗಿ ಯಾವ ಕಡೆಯಿಂದ ಬರುತ್ತದೋ ಅದಕ್ಕೆ ಎದುರು ದಿಕ್ಕಿನಿಂದ ಊದಬೇಕು. ಅದೇ ದಿಕ್ಕಿನಿಂದ ಊದಿದರೆ ಪುಡಿ ಫಿನ್‌ಗಳ ಒಳಕ್ಕೆ ಇನ್ನೂ ಗಟ್ಟಿಯಾಗಿ ಸೇರುತ್ತದೆ. ನೂಲಿನ ಪದರ ಇದ್ದರೆ ಮೊದಲು ಕೈಯಲ್ಲಿ ಸುಲಿದು, ಮೆತ್ತನೆ ಪೇಂಟ್ ಬ್ರಷ್‌ನಿಂದ ಫಿನ್‌ಗಳ ಗೆರೆಯ ಉದ್ದಕ್ಕೇ ಎಳೆಯಿರಿ, ಅಡ್ಡ ಎಳೆದರೆ ಫಿನ್ ಬಾಗುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್‌ಗೆ ಒಡ್ಡಬೇಡಿ. ಅದರ ಒತ್ತಡಕ್ಕೆ ಫಿನ್ ಮಡಚಿಕೊಳ್ಳುತ್ತದೆ, ಗಾಳಿಯ ಜೊತೆ ನೀರು, ಎಣ್ಣೆಯೂ ಬರುತ್ತದೆ. ಸಣ್ಣ ಬ್ಲೋವರ್ ಸಾಕು, ಒಂದು ಗೇಣು ದೂರದಿಂದ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿದಿರಿ. ಬ್ಲೋವರ್ ಗಾಳಿಗೆ ಅದು ತನ್ನ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಮೋಟರ್‌ನಲ್ಲಿ ಹುಟ್ಟುವ ಕರೆಂಟ್ ವೈರಿನ ಮೂಲಕ ಬೋರ್ಡಿಗೂ ಹರಿಯಬಹುದು.